ಕಾಯಿಲೆ ಹೋಗಲ್ಲ ಅಂತ ಗೊತ್ತಾದ್ಮೇಲೆ ಒಳ್ಳೇದನ್ನ ಹುಡುಕೋದು ಹೇಗೆ

ಮೊದ್ಲೇ ಒಂದು ವಿಷ್ಯ ಕ್ಲಿಯರ್ ಮಾಡ್ಬಿಡ್ತೀನಿ. ಕಾಯಿಲೆ ಬಂದಿದ್ದೇ ಒಳ್ಳೇದಾಯ್ತು, ಅದು ನನಗೆ ಬದುಕು ಕಲಿಸ್ತು ಅಂತೆಲ್ಲ ನಿಮ್ಮ ಬಾಯಲ್ಲಿ ಹೇಳಿಸೋ ಲೇಖನ ಇದಲ್ಲ. ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ, ಅಂದ್ರೆ ಕೀಲುಗಳು ಊದ್ಕೊಂಡು ನೋಯೋ ದೀರ್ಘಕಾಲದ ಕಾಯಿಲೆ, ಬೆಳಿಗ್ಗೆ ಎದ್ದಾಗ ಬೆರಳು ಪೂರ್ತಿ ಮಡಚೋಕೇ ಮುಕ್ಕಾಲು ಗಂಟೆ ಬೇಕು, ಅದಕ್ಕೆ ನಾನ್ಯಾಕೆ ಥ್ಯಾಂಕ್ಸ್ ಹೇಳ್ಲಿ. ಆದ್ರೆ ಕಾಯಿಲೆ ಜೊತೆ ಏಗೋಕೆ ಅಂತ ನಾವು ಬದುಕನ್ನ ಅಲ್ಲಿ ಇಲ್ಲಿ ಬದಲಾಯಿಸ್ಕೋತೀವಲ್ಲ, ಆ ಬದಲಾವಣೆಗಳಲ್ಲಿ ಕೆಲವು ನಿಜವಾಗ್ಲೂ ಚೆನ್ನಾಗಿರ್ತವೆ, ಆರೋಗ್ಯವಾಗಿದ್ರೂ ಇಟ್ಕೋಬೇಕು ಅನ್ನೋ ಥರ. ಅವು ಕಾಯಿಲೆ ಕೊಟ್ಟಿದ್ದಲ್ಲ, ನೀವು ಮಾಡ್ಕೊಂಡಿದ್ದು. ಅವನ್ನ ಹೇಗೆ ಕಂಡುಹಿಡಿಯೋದು, ಕಂಡುಹಿಡಿದ ಮೇಲೆ ಏನ್ ಮಾಡೋದು ಅಂತ ಹೇಳ್ತೀನಿ.

ಇನ್ನೊಂದು ಭಾರಾನೂ ಈಗ್ಲೇ ಇಳಿಸ್ಬಿಡಿ. "ಪಾಸಿಟಿವ್ ಆಗಿದ್ರೆ ವಾಸಿಯಾಗತ್ತೆ" ಅಂತ ಹೇಳೋರು ಎಲ್ಲಾ ಕಡೆ ಇದ್ದಾರೆ. ಜೇಮ್ಸ್ ಕಾಯ್ನ್ ಅನ್ನೋ ಮನಶ್ಶಾಸ್ತ್ರಜ್ಞ ಮತ್ತವರ ಸಂಗಡಿಗರು ತಲೆ ಮತ್ತು ಕುತ್ತಿಗೆ ಕ್ಯಾನ್ಸರ್ ಇದ್ದ 1,093 ಜನರ ಮಾಹಿತಿ ನೋಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನಸ್ಸು ಎಷ್ಟು ಚೆನ್ನಾಗಿತ್ತು ಅನ್ನೋದಕ್ಕೂ ಎಷ್ಟು ಕಾಲ ಬದುಕಿದ್ರು ಅನ್ನೋದಕ್ಕೂ ಸಂಬಂಧ ಸಿಗ್ಲಿಲ್ಲ. ಕೆಲವ್ರಿಗೆ ಇದು ನಿರಾಸೆ ಅನ್ನಿಸಬಹುದು, ನನಗಂತೂ ಕೇಳಿ ಹಾಯ್ ಅನ್ನಿಸ್ತು. ಅಂದ್ರೆ ಇವತ್ತು ನಾನು ಬೇಜಾರಲ್ಲಿದ್ದೀನಿ ಅಂದ್ರೆ ಅದರಿಂದ ನನ್ನ ಕಾಯಿಲೆನ ನಾನೇ ಜಾಸ್ತಿ ಮಾಡ್ಕೊಂಡೆ ಅನ್ನೋ ಪಾಪಪ್ರಜ್ಞೆ ಬೇಕಿಲ್ಲ. ಒಳ್ಳೇದನ್ನ ಹುಡುಕೋದು ಔಷಧಿ ಅಲ್ಲ, ಔಷಧಿ ಬೇರೆ ಇದೆ, ಅದನ್ನ ಟೈಮ್‌ಗೆ ತಗೊಳ್ಳಿ. ಇದು ಬರೀ ದಿನ ಸ್ವಲ್ಪ ಸಹ್ಯವಾಗಿರ್ಲಿ ಅಂತ.

ಮತ್ತೆ, ನಿಮಗೆ ಮೊನ್ನೆ ಮೊನ್ನೆ ಡಯಾಗ್ನೋಸಿಸ್ ಆಗಿದ್ರೆ ಇದನ್ನ ಸೇವ್ ಮಾಡಿಟ್ಕೊಳ್ಳಿ, ಈಗ ಮಾಡೋಕೆ ಹೋಗ್ಬೇಡಿ. ಮೊದಲ ಕೆಲವು ತಿಂಗಳು ಟೆಸ್ಟು, ಮಾತ್ರೆ, ಹೆದರಿಕೆ, ಇಷ್ಟರಲ್ಲೇ ಸಾಕಾಗಿ ಹೋಗಿರತ್ತೆ.

ಹೆಜ್ಜೆ 1: ಮೊದಲು ಕಳ್ಕೊಂಡಿದ್ದನ್ನ ಬರೀರಿ

ಒಳ್ಳೇದು ಹುಡುಕ್ತೀನಿ ಅಂತ ಹೇಳಿ ನಷ್ಟದಿಂದ ಶುರು ಮಾಡಿಸ್ತಿದ್ದಾರಲ್ಲ ಅನ್ಬೇಡಿ. ನಷ್ಟ ಒಳಗೇ ಇಟ್ಕೊಂಡು ಮೇಲೆ ಮೇಲೆ ಒಳ್ಳೇದನ್ನ ಬರೀತಾ ಹೋದ್ರೆ ಎರಡೇ ದಿನಕ್ಕೆ ಅದು ಸುಳ್ಳು ಅನ್ಸೋಕೆ ಶುರುವಾಗತ್ತೆ, ಪುಸ್ತಕ ಮೂಲೆ ಸೇರತ್ತೆ.

ಒಂದು ನೋಟ್‌ಬುಕ್ ತಗೊಳ್ಳಿ, ಎಡಗಡೆ ಪುಟ ನಷ್ಟಕ್ಕೆ, ಬಲಗಡೆ ಪುಟ ಸಿಕ್ಕಿದ್ದಕ್ಕೆ. ಕೆಳಗಡೆ ಟೋಟಲ್ ಹಾಕೋ ಹಾಗಿಲ್ಲ, ಒಂದರಿಂದ ಇನ್ನೊಂದನ್ನ ಕಳೆಯೋ ಹಾಗೂ ಇಲ್ಲ, ಈ ನಿಯಮ ಮಾತ್ರ ಯಾವತ್ತೂ ಮುರೀಬೇಡಿ. ಕೆಲಸ ಬಿಡ್ಬೇಕಾಯ್ತು ಅನ್ನೋದನ್ನ "ಆದ್ರೆ ಮನೆಯವರ ಜೊತೆ ಟೈಮ್ ಸಿಕ್ತಲ್ಲ" ಅನ್ನೋದು ಅಳಿಸಲ್ಲ. ಎರಡೂ ನಿಜ, ಅಕ್ಕಪಕ್ಕದಲ್ಲಿ ಇರ್ಲಿ.

ಎಡಗಡೆ ಬರೆಯೋವಾಗ ಸಂಕೋಚ ಬೇಡ. ಸಣ್ಣದು ದೊಡ್ಡದು ಎಲ್ಲಾ ಬರೀರಿ. ಕೆಲಸ, ದುಡ್ಡು, ಓಡಾಟ, ಗಂಡ ಹೆಂಡತಿ ನಡುವಿನ ಸಲಿಗೆ, ಯಾರ ಸಹಾಯವೂ ಇಲ್ದೆ ಬಾಟಲ್ ಮುಚ್ಚಳ ತೆಗೆಯೋದು, ಒಂದು ತಿಂಗಳ ನಂತರದ ಪ್ಲಾನ್‌ಗೆ ಧೈರ್ಯವಾಗಿ "ಬರ್ತೀನಿ" ಅನ್ನೋದು. ಹೀಗೆ ಮನಸ್ಸಿನ ಭಾರ ಬರೆದು ಹಾಕೋದರ ಬಗ್ಗೆ 1999ರಲ್ಲಿ ಜೋಶುವಾ ಸ್ಮಿತ್ ಅನ್ನೋರ ತಂಡ ಒಂದು ಅಧ್ಯಯನ ಮಾಡ್ತು, ಅಸ್ತಮಾ ಅಥವಾ ರುಮಟಾಯ್ಡ್ ಆರ್ಥ್ರೈಟಿಸ್ ಇರೋರಿಗೆ ಬದುಕಿನ ಅತಿ ಕಷ್ಟದ ಘಟನೆ ಬಗ್ಗೆ ಮೂರು ದಿನ, ದಿನಕ್ಕೆ 20 ನಿಮಿಷ ಬರೆಯೋಕೆ ಹೇಳಿದ್ರು, ನಾಲ್ಕು ತಿಂಗಳ ನಂತರ ಸುಮ್ನೆ ಮಾಮೂಲಿ ವಿಷ್ಯ ಬರೆದೋರಿಗಿಂತ ಇವರ ಸ್ಥಿತಿ ಸುಧಾರಿಸಿತ್ತು. ಆಮೇಲೆ ಬಂದ ಅಧ್ಯಯನಗಳಲ್ಲಿ ಎಲ್ಲಾ ಕಡೆ ಇದೇ ಫಲಿತಾಂಶ ಬಂದಿಲ್ಲ, ಅದಕ್ಕೇ ಇದನ್ನ ಚಿಕಿತ್ಸೆ ಅಂತ ಅಂದ್ಕೋಬೇಡಿ. ಆದ್ರೆ ಅಳತೆ ಚೆನ್ನಾಗಿದೆ, ಮೂರು ದಿನ, 20 ನಿಮಿಷ, ಅಲಾರ್ಮ್ ಹೊಡೆದ ತಕ್ಷಣ ಪುಸ್ತಕ ಮುಚ್ಚಿ. ಬರೆದ ಕೂಡ್ಲೇ ಮನಸ್ಸು ಇನ್ನೂ ಭಾರ ಆಗತ್ತೆ, ಅದು ಮಾಮೂಲು, ಸ್ವಲ್ಪ ಹೊತ್ತಿಗೆ ಇಳಿಯತ್ತೆ. ಮಲಗೋ ಮುಂಚೆ ಮಾತ್ರ ಇದನ್ನ ಮಾಡ್ಬೇಡಿ. ಕೈ ನೋವಿರೋರು ಫೋನಿನಲ್ಲಿ ವಾಯ್ಸ್ ರೆಕಾರ್ಡ್ ಮಾಡಿ, ಬರೆದಷ್ಟೇ ಆಯ್ತು.

ಹೆಜ್ಜೆ 2: ಬಲಗಡೆ ಪುಟಕ್ಕೆ ಸಣ್ಣದನ್ನೇ ಹಿಡೀರಿ

1990ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೂಸನ್ ಫೋಕ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞೆ, ಏಡ್ಸ್ ಬಂದ ತಮ್ಮ ಸಂಗಾತಿನ ನೋಡ್ಕೋತಿದ್ದ ಗಂಡಸರನ್ನ ಮಾತಾಡ್ಸೋಕೆ ಶುರು ಮಾಡಿದ್ರು. ಪ್ರಶ್ನೆಗಳೆಲ್ಲ ಕಷ್ಟದ ಬಗ್ಗೆನೇ. ಆಗ ಅವರೇ, ಬರೀ ಕಷ್ಟ ಕೇಳ್ತೀರಲ್ಲ, ಚೆನ್ನಾಗಿರೋದರ ಬಗ್ಗೆ ಯಾಕೆ ಕೇಳಲ್ಲ, ಅದನ್ನ ಕೇಳ್ದೆ ನಾವು ಹೇಗೆ ನಿಭಾಯಿಸ್ತಿದ್ದೀವಿ ಅಂತ ನಿಮಗೆ ಗೊತ್ತಾಗಲ್ಲ ಅಂದ್ರು. ಪ್ರಶ್ನೆ ಸೇರಿಸಿ ನೋಡಿದ್ರೆ ಬಹುತೇಕ ಎಲ್ಲರ ಹತ್ರಾನೂ ಹೇಳೋಕೆ ಏನೋ ಒಂದು ಇತ್ತು, ಅದೂ ದೊಡ್ಡ ದೊಡ್ಡದಲ್ಲ, ದಿನನಿತ್ಯದ ಸಣ್ಣ ಸಂಗತಿಗಳು. ದುಃಖ ಜೋರಾಗಿರೋ ಹೊತ್ತಲ್ಲೂ ಸಂತೋಷ ಜೊತೆಜೊತೆಗೇ ಇರತ್ತೆ, ಒಂದು ಹೋದ್ಮೇಲೆ ಇನ್ನೊಂದು ಬರ್ಬೇಕು ಅಂತಿಲ್ಲ, ಆ ಅಧ್ಯಯನದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದು.

ಅವರು ಕೇಳಿದ ಪ್ರಶ್ನೆನೇ ನೀವೂ ಕೇಳ್ಕೊಳ್ಳಿ, ಸುಮಾರಾಗಿ ಹೀಗಿದೆ: ಇವತ್ತು ನಾನು ಮಾಡಿದ್ದು ಅಥವಾ ನಡೆದಿದ್ದು, ಒಂಚೂರು ಸಮಾಧಾನ ಕೊಟ್ಟು ದಿನ ದೂಡೋಕೆ ಸಹಾಯ ಮಾಡಿದ್ದು ಯಾವ್ದು?

ಉತ್ತರ ಬರೆಯೋವಾಗ ಒಂದೇ ಷರತ್ತು, ಅದು ಇವತ್ತಿನದೇ ಆಗಿರ್ಬೇಕು. "ನನ್ನ ಫ್ಯಾಮಿಲಿ ತುಂಬಾ ಒಳ್ಳೇದು" ಅಂತ ಬರೆದ್ರೆ ನಾಳೆನೂ ಅದೇ, ನಾಡಿದ್ದೂ ಅದೇ. "ಅಕ್ಕ ಫೋನ್ ಮಾಡಿದ್ಲು, ಹೇಗಿದ್ದೀಯ ಅಂತ ಕೇಳ್ಲೇ ಇಲ್ಲ, ಸೀದಾ ಪಕ್ಕದ ಮನೆ ಬೆಕ್ಕು ಅವಳ ಬೀರು ಒಳಗೆ ಮರಿ ಹಾಕಿದ ಕಥೆ ಶುರು ಮಾಡಿದ್ಲು" ಅಂತ ಬರೆದ್ರೆ ಆರು ತಿಂಗಳಾದ್ಮೇಲೆ ಓದಿದ್ರೂ ನಗು ಬರತ್ತೆ, ಜೊತೆಗೆ ಒಂದು ವಿಷ್ಯಾನೂ ತಿಳಿಯತ್ತೆ, ನಿಮಗೆ ಆವತ್ತು ಬೇಕಿದ್ದಿದ್ದು ವಿಚಾರಣೆ ಅಲ್ಲ, ಹರಟೆ.

ದಿನಾ ಬರೀಲೇಬೇಕು ಅಂತೇನಿಲ್ಲ. ರಾಬರ್ಟ್ ಎಮ್ಮನ್ಸ್ ಮತ್ತು ಮೈಕಲ್ ಮೆಕಲ್ಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಭಾಗದಲ್ಲಿ ನರ ಮತ್ತು ಸ್ನಾಯುಗಳ ಕಾಯಿಲೆ ಇರೋರು 21 ದಿನ, ಕೃತಜ್ಞತೆ ಅನ್ನಿಸಿದ ಸಂಗತಿಗಳನ್ನ ಬರೆದ್ರು, ಅವರ ಮೂಡ್ ಮತ್ತು ನಿದ್ದೆ ಸುಧಾರಿಸಿತ್ತು. ನೀವೂ ಮೂರು ವಾರ ಟ್ರೈ ಮಾಡಿ ನೋಡಿ, ಆಮೇಲೆ ವಾರಕ್ಕೆ ಎರಡು ಸಲಕ್ಕೆ ಇಳಿಸಿದ್ರೂ ನಡೆಯತ್ತೆ. ಹೋಮ್‌ವರ್ಕ್ ಥರ ಆದ್ರೆ ಉಪಯೋಗ ಇಲ್ಲ.

ಹೆಜ್ಜೆ 3: "ನಾಳೆ ವಾಸಿಯಾದ್ರೂ ಇದನ್ನ ಇಟ್ಕೋತೀನಾ?"

ಬಲಗಡೆ ಪುಟಗಳು ಸ್ವಲ್ಪ ತುಂಬಿದ ಮೇಲೆ ಒಂದು ದಿನ ಕೂತು ಪ್ರತಿಯೊಂದಕ್ಕೂ ಈ ಪ್ರಶ್ನೆ ಕೇಳಿ. ಜೊಳ್ಳು ಯಾವ್ದು, ಗಟ್ಟಿ ಕಾಳು ಯಾವ್ದು ಅಂತ ಇಲ್ಲಿ ಗೊತ್ತಾಗತ್ತೆ. "ಆಸ್ಪತ್ರೆಯಲ್ಲಿ ಇವತ್ತು ಕ್ಯೂ ಇರ್ಲಿಲ್ಲ" ಅನ್ನೋದು ಒಳ್ಳೇ ಸುದ್ದಿನೇ, ಆದ್ರೆ ವಾಸಿಯಾದ್ರೆ ಅದು ನಿಮಗೆ ಬೇಕಿಲ್ಲ. ಆಗದ ಕೆಲಸಕ್ಕೆ "ಬೇಡ" ಅನ್ನೋಕೆ ಕಲ್ತಿದ್ದು ಮಾತ್ರ ವಾಸಿಯಾದ್ರೂ ಬೇಕು.

ನನ್ನದೇ ಉದಾಹರಣೆ ಹೇಳ್ತೀನಿ. ಬೆಳಿಗ್ಗೆ ಬಿಸಿನೀರಿನ ಬೋಗುಣಿಯಲ್ಲಿ ಎರಡೂ ಕೈ ಮುಳುಗಿಸ್ಕೊಂಡು ಹದಿನೈದು ನಿಮಿಷ ಕೂರ್ಬೇಕು ನಾನು. ಕೈ ನೀರಲ್ಲಿರತ್ತೆ ಅಂದ್ರೆ ಫೋನ್ ಇಲ್ಲ, ಪೇಪರ್ ಇಲ್ಲ, ಯಾವ ಕೆಲಸನೂ ಇಲ್ಲ. ಮಗ ಎದುರಿಗೆ ನೆಲದ ಮೇಲೆ ಕೂತು ಶೂ ಲೇಸ್ ಕಟ್ಕೋತಾನೆ, ಕಟ್ಟೋವಷ್ಟು ಹೊತ್ತೂ ಮಾತು, ಯಾವ ಟೀಚರ್ ಯಾರಿಗೆ ಬೈದ್ರು, ಯಾರ ಪೆನ್ಸಿಲ್ ಬಾಕ್ಸಲ್ಲಿ ಹಲ್ಲಿ ಸಿಕ್ತು, ಒಂದೊಂದ್ಸಲ ಕಟ್ಟಿದ ಲೇಸನ್ನ ಮತ್ತೆ ಬಿಚ್ಚಿ ಕಟ್ಟೋದು ಮಾತು ಮುಗೀದೇ ಇರೋದಕ್ಕೆ ಅಂತ ನನಗೆ ಡೌಟು. ಮುಂಚೆ ಇದೇ ಹೊತ್ತಲ್ಲಿ ನಾನು ಬೇಗ ಬೇಗ ಅಂತ ಮನೆಯೆಲ್ಲ ಕೂಗಾಡ್ತಾ ಇರ್ತಿದ್ದೆ. ನೋವು ಬೇಡ್ವೇ ಬೇಡ, ಆದ್ರೆ ಬೆರಳು ಸರಿಹೋದ್ರೂ ಆ ಹದಿನೈದು ನಿಮಿಷ ಇಟ್ಕೋತೀನಿ.

ಎಲ್ಲಿ ಹುಡುಕ್ಬೇಕು ಅಂತ ಗೊತ್ತಾಗ್ದೇ ಇದ್ರೆ ಒಂದು ಸುಳಿವು. ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕಾಲ್‌ಹೂನ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ದೊಡ್ಡ ಹೊಡೆತ ತಿಂದ ಮೇಲೆ ಜನ ಯಾವ ಯಾವ ರೀತಿ ಬೆಳೀತಾರೆ ಅಂತ ಅಳೆಯೋಕೆ 1996ರಲ್ಲಿ 21 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ರು, ಅದರಲ್ಲಿ ಐದು ಕಡೆ ನೋಡ್ತಾರೆ: ಜನರ ಜೊತೆಗಿನ ಸಂಬಂಧ, ಹೊಸ ದಾರಿಗಳು, ನನ್ನಿಂದ ಆಗತ್ತೆ ಅನ್ನೋ ಗಟ್ಟಿತನ, ಆಧ್ಯಾತ್ಮ, ಬದುಕಿನ ಬೆಲೆ ತಿಳಿಯೋದು. ಐದೂ ಎಲ್ಲರಿಗೂ ಆಗಲ್ಲ. ಒಂದೂ ಆಗದೇ ಇದ್ರೂ ನೀವು ಫೇಲ್ ಅಲ್ಲ, ಬೆಳೀಲೇಬೇಕು ಅಂತ ಯಾರೂ ಬರೆದುಕೊಟ್ಟಿಲ್ಲ.

ನನ್ನ ಪ್ರಕಾರ ಜನ ಜಾಸ್ತಿ ಗಮನಿಸದೇ ಬಿಟ್ಟುಬಿಡೋದು ಕಲ್ತ ಕೆಲಸಗಳನ್ನ. ವರ್ಷಗಟ್ಲೆ ಕಾಯಿಲೆ ನಿಭಾಯಿಸಿದೋರಿಗೆ ತಮ್ಮ ಮೈ ಏನ್ ಹೇಳ್ತಿದೆ ಅಂತ ಗೊತ್ತು, ಎರಡು ನಿಮಿಷದಲ್ಲಿ ಡಾಕ್ಟರಿಗೆ ವಿಷ್ಯ ದಾಟಿಸೋಕೆ ಗೊತ್ತು, ಇನ್ಶೂರೆನ್ಸ್ ಫಾರ್ಮ್ ತುಂಬೋಕೆ ಗೊತ್ತು, ಪ್ಲಾನ್ ಕೆಟ್ರೆ ಬೇರೆ ಪ್ಲಾನ್ ಹಾಕೋಕೆ ಗೊತ್ತು, ಇನ್ನೊಬ್ಬರ ಮುಖ ನೋಡಿದ್ರೆ ಇವರಿಗೆ ಇವತ್ತು ಹುಷಾರಿಲ್ಲ ಅಂತ ಗೊತ್ತಾಗತ್ತೆ. ಇವೆಲ್ಲ ಸ್ಕಿಲ್ಲೇ. ಬಲಗಡೆ ಬರೀರಿ.

ಹೆಜ್ಜೆ 4: ಇಷ್ಟದ ಕೆಲಸವನ್ನ ಬಿಡಿಸಿ ನೋಡಿ

ಇದಕ್ಕೆ ಟೈಮ್ ಕೊಡಿ. ಎಡಗಡೆ ಪುಟದಿಂದ ಒಂದು ನಷ್ಟ ತಗೊಳ್ಳಿ, ಉದಾಹರಣೆಗೆ ಟ್ರೆಕ್ಕಿಂಗ್. ಟ್ರೆಕ್ಕಿಂಗ್ ಹೋಯ್ತು ಅಂದ್ರೆ ನಿಜವಾಗಿ ಏನು ಹೋಯ್ತು? ಬೆಟ್ಟ ಹತ್ತೋ ಮಜಾನಾ, ಗೆಳೆಯರ ಜೊತೆ ಕಿತ್ತಾಡ್ಕೊಂಡು ನಡೆಯೋದಾ, ಬೆಳಗಿನ ಜಾವದ ಗಾಳಿನಾ, ಫೋಟೋ ತೆಗೆಯೋದಾ, ಇಲ್ಲಾ ಮನೆಯಿಂದ ಒಂದು ದಿನ ತಪ್ಪಿಸ್ಕೊಳ್ಳೋದಾ? ಬಿಡಿಸಿ ನೋಡಿದ್ರೆ ಐದರಲ್ಲಿ ಎರಡೋ ಮೂರೋ ಬೇರೆ ರೂಪದಲ್ಲಿ ಇನ್ನೂ ಕೈಗೆ ಸಿಗೋ ಹಾಗೆ ಇರ್ತವೆ. ಹತ್ತೋದು ಆಗಲ್ಲ, ಅದು ಎಡಗಡೆನೇ ಇರ್ಲಿ, ಅದಕ್ಕೆ ಬದಲಿ ಹುಡುಕಿ ನಿಮ್ಮನ್ನ ನೀವು ಮೋಸ ಮಾಡ್ಕೋಬೇಡಿ. ಆದ್ರೆ ಗೆಳೆಯರು ಬೆಟ್ಟದ ಬುಡದ ತನಕ ಗಾಡೀಲಿ ಕರ್ಕೊಂಡು ಹೋಗಬಹುದಲ್ಲ, ಬೆಳಿಗ್ಗೆ ಐದಕ್ಕೆ ಅಲ್ಲಿ ಕುರ್ಚಿ ಹಾಕ್ಕೊಂಡು ಕೂರಬಹುದಲ್ಲ.

ಚಿತ್ರಕಾರ ಹೆನ್ರಿ ಮತೀಸ್‌ಗೆ 1941ರಲ್ಲಿ ಕ್ಯಾನ್ಸರ್ ಆಪರೇಷನ್ ಆಯ್ತು, ಆಮೇಲೆ ಹೆಚ್ಚಿನ ಕಾಲ ಹಾಸಿಗೆ ಇಲ್ಲಾ ವೀಲ್‌ಚೇರ್. ಈಸೆಲ್ ಮುಂದೆ ನಿಂತು ಪೇಂಟ್ ಮಾಡೋದು ಕಷ್ಟ ಆದಾಗ ಸಹಾಯಕರ ಕೈಲಿ ಕಾಗದಕ್ಕೆ ಬಣ್ಣ ಬಳಿಸಿ ತಾನು ಕತ್ತರಿಯಲ್ಲಿ ಆಕಾರ ಕತ್ತರಿಸಿ ಗೋಡೆ ತುಂಬಾ ಜೋಡಿಸ್ತಾ ಹೋದ. ಅವನಿಗೆ ಬೇಕಿದ್ದಿದ್ದು ಬ್ರಷ್ ಅಲ್ಲ, ಬಣ್ಣ ಮತ್ತು ಆಕಾರ. ಇಲ್ಲಿ ಒಂದು ಮಾತು ಸೇರಿಸ್ಬೇಕು, ಮತೀಸ್ ಹತ್ರ ಸಹಾಯಕರಿದ್ರು, ನಮ್ಮ ಹತ್ರ ಇಲ್ಲ. ಅವನನ್ನ ತಂದು ನಿಮ್ಮ ಮುಂದೆ ನಿಲ್ಲಿಸಿ ನೋಡಿ ಕಲೀರಿ ಅಂತ ಹೇಳ್ತಿಲ್ಲ, ಬಿಡಿಸಿ ನೋಡೋ ರೀತಿ ಮಾತ್ರ ತಗೊಳ್ಳಿ.

ಕೆಲವೊಮ್ಮೆ ಬಿಡಿಸಿ ನೋಡಿದಾಗ ಉಲ್ಟಾನೂ ಆಗತ್ತೆ. ಕಳ್ಕೊಂಡೆ ಅಂತ ಬರೆದಿದ್ದರಲ್ಲಿ ಒಂದಷ್ಟು ನಿಮಗೆ ಯಾವತ್ತೂ ಇಷ್ಟಾನೇ ಇರ್ಲಿಲ್ಲ ಅಂತ ಗೊತ್ತಾಗತ್ತೆ. ಎಲ್ಲರ ಫಂಕ್ಷನ್ನಿಗೂ ಹೋಗೋದು, ಮುಲಾಜಿಗೆ ಬಿದ್ದು ಒಪ್ಕೊಂಡ ಕೆಲಸಗಳು, ವರ್ಷಕ್ಕೊಂದ್ಸಲ ಮಾತ್ರ ನೆನಪಿಸ್ಕೊಳ್ಳೋ ಗ್ರೂಪುಗಳು. ಅವನ್ನ ಸದ್ದಿಲ್ದೆ ಹೊಡೆದು ಹಾಕಿ.

ಹೆಜ್ಜೆ 5: ಒಳ್ಳೇದಕ್ಕೂ ಶಕ್ತಿ ಉಳಿಸಿ

ನಾವೆಲ್ಲ ಏನ್ ಮಾಡ್ತೀವಿ ಅಂದ್ರೆ ಒಂದು ದಿನ ಮೈ ಹಗುರ ಅನ್ನಿಸಿದ ಕೂಡ್ಲೇ ಬಾಕಿ ಇರೋ ಬಟ್ಟೆ, ಬಿಲ್ಲು, ಕ್ಲೀನಿಂಗ್ ಎಲ್ಲಾ ಒಂದೇ ಏಟಿಗೆ ಮುಗಿಸೋಕೆ ಹೋಗ್ತೀವಿ, ಆಮೇಲೆ ಮೂರು ದಿನ ಏಳಕ್ಕಾಗಲ್ಲ. ಹೀಗಾದಾಗ ಒಳ್ಳೇ ದಿನ ಅನ್ನೋದೆಲ್ಲ ಬಾಕಿ ಕೆಲಸಕ್ಕೇ ಹೋಗ್ಬಿಡತ್ತೆ. ಸುಸ್ತಾದ್ಮೇಲೆ ನಿಲ್ಲಿಸೋದಲ್ಲ, ಇನ್ನೂ ಸ್ವಲ್ಪ ಮಾಡಬಹುದು ಅನ್ನಿಸೋವಾಗ್ಲೇ ನಿಲ್ಲಿಸೋದು, ಇದನ್ನ ಪೇಸಿಂಗ್ ಅಂತಾರೆ. ಅದಕ್ಕೆ ನಾನು ಸೇರಿಸೋ ನಿಯಮ ಒಂದಿದೆ, ಹಗುರವಾದ ದಿನ ಮೊದಲನೇ ಅರ್ಧ ಗಂಟೆ ಇಷ್ಟವಾದ ಕೆಲಸಕ್ಕೆ, ಕರ್ತವ್ಯ ಆಮೇಲೆ. ಮೊದಮೊದಲು ಸ್ವಾರ್ಥ ಅನ್ಸತ್ತೆ, ಅನ್ನಿಸ್ಲಿ ಬಿಡಿ.

ಎಂಇ/ಸಿಎಫ್‌ಎಸ್ ಅನ್ನೋ, ರೆಸ್ಟ್ ತಗೊಂಡ್ರೂ ಹೋಗದ ವಿಪರೀತ ಸುಸ್ತಿನ ಕಾಯಿಲೆ ಇರೋರು ಇಲ್ಲಿ ಇನ್ನೂ ಹುಷಾರಾಗಿರ್ಬೇಕು, ಸ್ವಲ್ಪ ಮಿತಿ ಮೀರಿದ್ರೂ ಒಂದೆರಡು ದಿನ ಬಿಟ್ಟು ದೊಡ್ಡದಾಗಿ ಹೊಡೆಯತ್ತೆ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡೋ ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಈ ಕಾಯಿಲೆಗೆ ವ್ಯಾಯಾಮವನ್ನ ಹಂತಹಂತವಾಗಿ ಏರಿಸ್ತಾ ಹೋಗೋ ಥೆರಪಿ ಕೊಡ್ಬಾರ್ದು ಅಂತ ಹೇಳಿದೆ. ಹಾಗಾಗಿ "ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ಕೊಂಡು ಹೋಗು" ಅನ್ನೋ ಸಲಹೆ ಎಲ್ಲಾ ಕಾಯಿಲೆಗೂ ಹೊಂದಲ್ಲ, ನಿಮ್ಮ ಡಾಕ್ಟರನ್ನ ಕೇಳಿ.

ಹೆಜ್ಜೆ 6: ಸರಿಯಾದ ಒಬ್ಬರಿಗೆ ಹೇಳಿ

ಒಳ್ಳೇ ಸುದ್ದಿನ ಇನ್ನೊಬ್ಬರಿಗೆ ಹೇಳಿ, ಅವರೂ ಖುಷಿಯಿಂದ ಕೇಳಿದಾಗ ಆ ಖುಷಿ ಇನ್ನೂ ಬೆಳೆಯತ್ತೆ ಅಂತ ಶೆಲ್ಲಿ ಗೇಬಲ್ ಅನ್ನೋರ ಸಂಶೋಧನೆಗಳಲ್ಲಿ ಕಂಡುಬಂದಿದೆ. ಕೇಳೋರು ಹೇಗೆ ಕೇಳ್ತಾರೆ ಅನ್ನೋದೇ ಇಲ್ಲಿ ಮುಖ್ಯ. "ಇವತ್ತು ಗೇಟ್ ತನಕ ನಡೆದೆ" ಅಂದ್ರೆ ಒಬ್ಬರು "ಓ ಹಂಗಾದ್ರೆ ಹುಷಾರಾಗ್ಬಿಟ್ಟೆ, ನಾಳೆಯಿಂದ ಕೆಲಸಕ್ಕೆ ಹೋಗಬಹುದು" ಅಂತಾರೆ, ಇನ್ನೊಬ್ಬರು "ಹೌದಾ! ಗೇಟ್ ಹತ್ರ ಏನೇನ್ ನೋಡ್ದೆ" ಅಂತಾರೆ. ಎರಡನೆಯವರನ್ನ ಬಿಡ್ಬೇಡಿ. ಮೊದಲನೆಯವರಿಗೆ ಹವಾಮಾನದ ಬಗ್ಗೆ ಹೇಳಿ ಸಾಕು.

ಅದೇ ಕಾಯಿಲೆ ಇರೋರ ಸಂಗಕ್ಕೆ ಬೇರೆ ತೂಕ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಮತ್ತು ಅವರ ತಂಡ ರೂಪಿಸಿದ ಒಂದು ಕೋರ್ಸ್ ಇದೆ, ದೀರ್ಘಕಾಲದ ಕಾಯಿಲೆನ ತಾವೇ ನಿಭಾಯಿಸೋದನ್ನ ಕಲಿಸೋಕೆ, ಆರು ವಾರ, ವಾರಕ್ಕೆ ಎರಡೂವರೆ ಗಂಟೆ. ಅದನ್ನ ನಡೆಸೋರಲ್ಲಿ ಕಾಯಿಲೆ ಜೊತೆ ಬದುಕ್ತಿರೋ ಸಾಮಾನ್ಯ ಜನರೇ ಇರ್ತಾರೆ. ನಿಮಗೆ ಗ್ರೂಪ್ ಆಗಲ್ಲ ಅಂದ್ರೆ ಒಬ್ಬರೇ ಒಬ್ಬರು ಸಾಕು. ನಿಮಗಿಂತ ಹೊಸಬರಿಗೆ ಒಂದು ಟಿಪ್ ಹೇಳ್ಕೊಟ್ಟು ಅದು ಅವರಿಗೆ ಕೆಲಸಕ್ಕೆ ಬಂತು ಅಂದ್ರೆ ಆವತ್ತಿನ ಬಲಗಡೆ ಪುಟಕ್ಕೆ ಬೇರೆ ಏನೂ ಬೇಕಿಲ್ಲ. ಆದ್ರೆ ಇಡೀ ದಿನ ಬರೀ ಲಕ್ಷಣ, ರಿಪೋರ್ಟು, ಹೆದರಿಕೆ ಇವೇ ಹರಿದಾಡೋ ಗ್ರೂಪ್ ಆದ್ರೆ ಮ್ಯೂಟ್ ಮಾಡಿ, ಯಾರೂ ತಪ್ಪು ತಿಳ್ಕೊಳ್ಳಲ್ಲ.

"ಪಾಸಿಟಿವ್ ಆಗಿರು" ಅನ್ನೋ ಅಂಕಲ್ ಆಂಟಿಯರಿಗೆ ಉದ್ದ ಉತ್ತರ ಕೊಡೋಕೆ ಹೋಗ್ಬೇಡಿ. "ಪ್ರಯತ್ನ ಮಾಡ್ತಿದ್ದೀನಿ, ಇವತ್ತು ಮಾತ್ರ ಸ್ವಲ್ಪ ಕಷ್ಟ ಇದೆ" ಅಂದು ವಿಷ್ಯ ಬದಲಾಯಿಸಿ. ಮನೆಯವರು ಯಾರಾದ್ರೂ ಇದನ್ನ ಓದ್ತಿದ್ರೆ ನಿಮಗೂ ಒಂದು ಮಾತು, ಬಲಗಡೆ ಪುಟ ಅವರದ್ದು, ಅವರ ಪರವಾಗಿ ನೀವು ಬರೆಯೋ ಹಾಗಿಲ್ಲ. "ನೋಡು, ಕಾಯಿಲೆ ಬಂದಿದ್ದಕ್ಕೆ ನೀನು ಎಷ್ಟು ತಾಳ್ಮೆ ಕಲ್ತೆ" ಅನ್ನೋದು ಅವರೇ ಹೇಳಿದ್ರೆ ಒಂಥರ, ನೀವು ಹೇಳಿದ್ರೆ ಗಾಯದ ಮೇಲೆ ಉಪ್ಪು ಸುರಿದ ಹಾಗೆ.

ಕೆಟ್ಟ ದಿನಗಳಲ್ಲಿ

ಫ್ಲೇರ್ ಇದ್ದಾಗ, ಅಂದ್ರೆ ಕಾಯಿಲೆ ಇದ್ದಕ್ಕಿದ್ದ ಹಾಗೆ ಜೋರಾದಾಗ, ಈ ಯಾವ ಹೆಜ್ಜೆನೂ ಇಲ್ಲ. ಹಗುರವಾದ ದಿನವೇ ಒಂದು ಚೀಟಿ ಬರೆದು ಹಾಸಿಗೆ ಪಕ್ಕ ಅಂಟಿಸಿಡಿ: ಯಾವ ಮಾತ್ರೆ ಎಷ್ಟೊತ್ತಿಗೆ, ಯಾರಿಗೆ ಫೋನ್ ಮಾಡೋದು, ಯಾವ ಸೀರಿಯಲ್ ಯೋಚನೆ ಮಾಡ್ದೆ ನೋಡಬಹುದು, ಯಾವ ಲಕ್ಷಣ ಕಂಡ್ರೆ ಕಾಯದೆ ಆಸ್ಪತ್ರೆಗೆ ಹೋಗೋದು. ಅಷ್ಟೇ. ನೋಟ್‌ಬುಕ್ ಕಡೆ ನೋಡ್ಬೇಡಿ.

ಆದ್ರೆ ಎರಡು ವಾರದ ಮೇಲಾದ್ರೂ ಹೆಚ್ಚುಕಮ್ಮಿ ದಿನಾ ಯಾವುದರಲ್ಲೂ ಆಸಕ್ತಿನೇ ಬರ್ತಿಲ್ಲ, ಮುಂಚೆ ಇಷ್ಟವಾಗ್ತಿದ್ದಿದ್ದೂ ಸಪ್ಪೆ, ನಿದ್ದೆ ಹಸಿವು ಏರುಪೇರು ಅನ್ನೋ ಹಾಗಿದ್ರೆ ಅದು ಖಿನ್ನತೆ ಇರಬಹುದು. ದೀರ್ಘಕಾಲದ ಕಾಯಿಲೆ ಇರೋರಲ್ಲಿ ಅದು ಬೇರೆಯವರಿಗಿಂತ ಜಾಸ್ತಿ ಕಾಣಿಸ್ಕೊಳ್ಳತ್ತೆ, ಅದಕ್ಕೆ ಚಿಕಿತ್ಸೆ ಇದೆ. ಬಲಗಡೆ ಪುಟ ಖಾಲಿ ಉಳಿಯೋದು ನಿಮ್ಮ ಸೋಮಾರಿತನ ಅಂತ ಅಂದ್ಕೊಂಡು ಕೂರ್ಬೇಡಿ, ಡಾಕ್ಟರಿಗೆ ಹೇಳಿ. ಸಾಯೋ ಯೋಚನೆ ಬರ್ತಿದ್ರೆ ಇವತ್ತೇ, ಈಗ್ಲೇ ಹೇಳಿ, ಪಕ್ಕದಲ್ಲಿ ಯಾರನ್ನಾದ್ರೂ ಕೂರಿಸ್ಕೊಳ್ಳಿ.

ಹೆಜ್ಜೆ 7: ಪುಟವನ್ನ ಡಾಕ್ಟರ ಹತ್ರ ತಗೊಂಡು ಹೋಗಿ

ತಿಂಗಳಿಗೊಮ್ಮೆ ಬಲಗಡೆ ಪುಟಗಳನ್ನ ತಿರುವಿ ಹಾಕಿ, ಪದೇ ಪದೇ ಬರ್ತಿರೋದು ಯಾವ್ದು ಅಂತ ನೋಡಿ ಗೆರೆ ಎಳೀರಿ. ಸಂಜೆ ಮಗಳ ಜೊತೆ ಕೂರೋದು ಮೂರ್ನಾಲ್ಕು ಸಲ ಬಂದಿದೆ ಅಂದ್ಕೊಳ್ಳಿ. ಮುಂದಿನ ಅಪಾಯಿಂಟ್‌ಮೆಂಟಲ್ಲಿ "ಹೇಗಿದ್ದೀರಿ" ಅಂದಾಗ "ಹಂಗೇ ಇದೆ ಡಾಕ್ಟ್ರೇ" ಅನ್ನೋ ಬದಲು ಹೀಗೆ ಹೇಳಿ ನೋಡಿ: "ಸಂಜೆ ಆರರಿಂದ ಏಳರ ತನಕ ನಾನು ಎಚ್ಚರವಾಗಿ ಇರ್ಬೇಕು ಡಾಕ್ಟ್ರೇ, ಮಧ್ಯಾಹ್ನದ ಮಾತ್ರೆ ತಗೊಂಡ್ರೆ ಆ ಹೊತ್ತಿಗೆ ತೂಕಡಿಕೆ ಬರತ್ತೆ, ಟೈಮ್ ಬದಲಾಯಿಸೋಕಾಗತ್ತಾ?" ಒಂದೊಂದ್ಸಲ ಆಗತ್ತೆ, ಒಂದೊಂದ್ಸಲ ಆಗಲ್ಲ, ನೀವಾಗೇ ಮಾತ್ರ ಬದಲಾಯಿಸ್ಬೇಡಿ. ಫಿಸಿಯೋಥೆರಪಿಯವರಿಗೂ ಇದೇ ಥರ ಹೇಳಿ, ಭುಜ ಎಷ್ಟು ಡಿಗ್ರಿ ಏಳ್ಬೇಕು ಅನ್ನೋದಕ್ಕಿಂತ ಮಗಳಿಗೆ ಜಡೆ ಹಾಕೋಕೆ ಕೈ ಎಷ್ಟು ಎತ್ಬೇಕು ಅಂತ ತೋರಿಸಿದ್ರೆ ಅವರೂ ಅದಕ್ಕೆ ತಕ್ಕ ಎಕ್ಸರ್‌ಸೈಜ್ ಹೇಳ್ತಾರೆ.